ಹುಲ್ಲೂ ಅಲ್ಲ, ಜ್ವರವೂ ಅಲ್ಲ

ಕಳೆದ ವರ್ಷ ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆಯ ದಿನ ವಿದ್ಯಾರ್ಥಿಯೊಬ್ಬನು ವರ್ನಿಯರ್ ಕ್ಯಾಲಿಪರ್ಸನ್ನು ಕೈಯಲ್ಲಿ ಹಿಡಿದುಕೊಂಡೇ ತೂಕಡಿಸುತ್ತಿದ್ದುದನ್ನು ಕಂಡೆನು. ವಿಚಾರಿಸಲಾಗಿ, “ಬೆಳಿಗ್ಗೆಯಿಂದ ಸೀನು ನಿಂತಿರ್ಲಿಲ್ಲ ಸಾರ್, ನೆಗಡಿ ಮಾತ್ರೆ ತಗೊಂಡೆ” ಎಂದನು. ಆ ನೆಗಡಿಗೆ ಆಗಲೇ ಮೂರು ತಿಂಗಳಾಗಿತ್ತಂತೆ! ತಮಗೂ ಅಂಟೀತೆಂಬ ಭಯದಿಂದ ಹಾಸ್ಟೆಲಿನ ಜೊತೆಗಾರರು ಅವನ ಹಾಸಿಗೆಯನ್ನು ಕಿಟಕಿಯ ಬಳಿಯಿಂದ ಮೂಲೆಗೆ ಸರಿಸಿದ್ದರಂತೆ.

ನೆಗಡಿಯು ವೈರಸ್ಸಿನಿಂದ ಬರುವಂಥದು. ಸಾಮಾನ್ಯವಾಗಿ ಒಂದು ವಾರ, ಹೆಚ್ಚೆಂದರೆ ಹತ್ತು ದಿನಗಳಲ್ಲಿ ಇಳಿಯತಕ್ಕದ್ದು. ಮೂರು ತಿಂಗಳಾದರೂ ಇಳಿಯದ ನೆಗಡಿಗೆ ಬೇರೆ ಹೆಸರಿರಬೇಕು. ವೈದ್ಯರ ಬಳಿಗೆ ಕಳುಹಿಸಿದೆನು. ಅವರು ಚೀಟಿಯಲ್ಲಿ ಬರೆದ ಹೆಸರು ‘ಅಲರ್ಜಿಕ್ ರೈನೈಟಿಸ್’. ಹುಡುಗನು ನಿಘಂಟಿನಲ್ಲಿ ಹುಡುಕಿದಾಗ ‘ಹೇ ಫೀವರ್’ ಎಂಬ ಅರ್ಥ ದೊರೆಯಿತು. ಹೇ ಎಂದರೆ ದನಗಳ ಮೇವಿಗಾಗಿ ಕೊಯ್ದು ಒಣಗಿಸಿದ ಹುಲ್ಲು, ಫೀವರ್ ಎಂದರೆ ಜ್ವರ. “ನನಗೆ ಜ್ವರವೇ ಇಲ್ವಲ್ಲ ಸಾರ್, ಹುಲ್ಲಿನ ಹತ್ತಿರಕ್ಕೂ ಹೋಗಿಲ್ಲ” ಎಂದು ಮರುದಿನ ಬಂದು ನಿಂತನು. ಅವನ ಆಕ್ಷೇಪಣೆ ಸರಿಯಾಗಿಯೇ ಇತ್ತು.

ಈ ವಿಚಿತ್ರ ಹೆಸರಿನ ಕಥೆ ಇಂಗ್ಲೆಂಡಿನದು. ಜಾನ್ ಬಾಸ್ಟಾಕ್ ಎಂಬ ವೈದ್ಯನಿಗೆ ಎಂಟನೆಯ ವಯಸ್ಸಿನಿಂದಲೂ ಪ್ರತಿವರ್ಷ ಜೂನ್ ತಿಂಗಳಿನಲ್ಲಿ ಕಣ್ಣು ತುರಿಸಿ, ಸೀನು ಬಂದು, ಉಸಿರಾಟವೇ ಕಷ್ಟವಾಗುತ್ತಿದ್ದಿತು. 1819ರಲ್ಲಿ ಅವನು ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಒಬ್ಬ ರೋಗಿಯ ವೃತ್ತಾಂತವನ್ನು ಓದಿದನು. ಆ ರೋಗಿ ಅವನೇ. ಮುಂದೆ ಇಂತಹವೇ ಇನ್ನಷ್ಟು ಪ್ರಕರಣಗಳನ್ನು ಕೂಡಿಸಿ, 1828ರಲ್ಲಿ ಇದಕ್ಕೆ ‘ಬೇಸಗೆಯ ನೆಗಡಿ’ ಎಂಬರ್ಥದ ಲ್ಯಾಟಿನ್ ಹೆಸರನ್ನಿಟ್ಟನು. ಹೊಸದಾಗಿ ಕೊಯ್ದ ಹುಲ್ಲಿನ ವಾಸನೆಯೇ ಇದಕ್ಕೆ ಕಾರಣವೆಂದು ಜನರು ನಂಬಿದ್ದರು. ಅವರ ಬಾಯಲ್ಲಿ ಅದು ‘ಹೇ ಫೀವರ್’ ಆಗಿತ್ತು. ಬಾಸ್ಟಾಕನು ಇದನ್ನೊಪ್ಪದೆ, ಬೇಸಗೆಯ ಶಾಖವೇ ಕಾರಣವೆಂದನು. ಸಮುದ್ರತೀರದ ರಾಮ್ಸ್‌ಗೇಟಿನಲ್ಲಿ ತಂಗಿದಾಗ ಅವನಿಗೆ ಉಪಶಮನವಾದುದುಂಟು. ಆದರೆ ಅದು ತಂಪಿನ ಫಲವೆಂದೇ ಅವನ ಎಣಿಕೆ. ಕಡಲ ಗಾಳಿಯಲ್ಲಿ ಏನಿದೆಯೆಂದು ಯೋಚಿಸಿದನೇ ಹೊರತು, ಏನಿಲ್ಲವೆಂದು ಯೋಚಿಸಲಿಲ್ಲ.

ಆ ‘ಇಲ್ಲದ’ ವಸ್ತುವನ್ನು ಹಿಡಿದವನು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಅವನೂ ಇದೇ ವ್ಯಾಧಿಗೆ ತುತ್ತಾಗಿದ್ದವನೇ. 1873ರಲ್ಲಿ ಪ್ರಕಟವಾದ ಅವನ ಗ್ರಂಥದಲ್ಲಿನ ಪ್ರಯೋಗಗಳು ಭೌತಶಾಸ್ತ್ರದವನಾದ ನನ್ನನ್ನೂ ಬೆರಗುಗೊಳಿಸುತ್ತವೆ. ಹುಲ್ಲಿನ ಹೂವಿನ ಪರಾಗವನ್ನು ತನ್ನ ಮೂಗಿಗೇ ಹಾಕಿಕೊಂಡನು; ತೋಳಿನ ಚರ್ಮವನ್ನು ಕೆರೆದು ಅಲ್ಲಿ ಸವರಿಕೊಂಡನು; ಬಾವು ಬಂದಿತು. ಅಂಟು ಸವರಿದ ಗಾಜಿನ ಪಟ್ಟಿಗಳನ್ನು ಬಯಲಿನಲ್ಲಿಟ್ಟು, ದಿನದಿನವೂ ಅವುಗಳ ಮೇಲೆ ಕುಳಿತ ಪರಾಗಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸಿದನು. ಎಣಿಕೆ ಏರಿದಂತೆ ಅವನ ಬಾಧೆಯೂ ಏರಿತು. ಅಷ್ಟಕ್ಕೇ ನಿಲ್ಲದೆ, ಗಾಳಿಪಟಗಳಿಗೆ ಗಾಜಿನ ಪಟ್ಟಿಗಳನ್ನು ಕಟ್ಟಿ ಸಾವಿರ ಅಡಿಗೂ ಮೇಲಕ್ಕೆ ಹಾರಿಸಿದನು. ಅಲ್ಲಿಯೂ ಪರಾಗ ಸಿಕ್ಕಿತು!

ಇದರಲ್ಲಿ ಆಶ್ಚರ್ಯವಿಲ್ಲವೆಂಬುದನ್ನು ವಾಚಕರು ತಾವೇ ಲೆಕ್ಕ ಹಾಕಿ ತಿಳಿಯಬಹುದು. ಹುಲ್ಲಿನ ಪರಾಗಕಣದ ವ್ಯಾಸ ಸುಮಾರು 30 ಮೈಕ್ರಾನ್, ಎಂದರೆ ಒಂದು ಮಿಲಿಮೀಟರಿನ ನೂರರಲ್ಲಿ ಮೂರು ಪಾಲು. ಅದರ ಸಾಂದ್ರತೆ ನೀರಿನಷ್ಟೇ ಎಂದಿಟ್ಟುಕೊಂಡು ಸ್ಟೋಕ್ಸನ ಸೂತ್ರವನ್ನು ಹಾಕಿದರೆ, ನಿಶ್ಚಲವಾದ ಗಾಳಿಯಲ್ಲಿ ಅದು ಸೆಕೆಂಡಿಗೆ ಎರಡೂವರೆಯಿಂದ ಮೂರು ಸೆಂಟಿಮೀಟರಿನಷ್ಟು ಮಾತ್ರ ಇಳಿಯುತ್ತದೆ. ಆಳೆತ್ತರದಿಂದ ನೆಲ ಮುಟ್ಟಲು ಅದಕ್ಕೆ ಸುಮಾರು ಒಂದು ನಿಮಿಷ ಬೇಕು. ಸೆಕೆಂಡಿಗೆ 3 ಮೀಟರ್ ವೇಗದ ಮಂದಮಾರುತವೂ ಅಷ್ಟರಲ್ಲಿ ಅದನ್ನು ನೂರೆಂಬತ್ತು ಮೀಟರ್ ಆಚೆಗೆ ಒಯ್ದಿರುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೇಳುವ ಗಾಳಿ ಇದಕ್ಕಿಂತ ಬಲವಾಗಿರುವುದರಿಂದ ಕಣವು ಇಳಿಯುವ ಬದಲು ಏರುತ್ತದೆ. ಹುಲ್ಲಿನ ಹತ್ತಿರಕ್ಕೇ ಹೋಗದವನಿಗೂ ಸೀನು ಬರುವುದು ಹೀಗೆ.

ಇನ್ನು ಹೊಸ ಹೆಸರು. ‘ರೈನೈಟಿಸ್’ ಎಂಬುದು ಮೂಗೆಂಬರ್ಥದ ಗ್ರೀಕ್ ಪದದಿಂದ ಬಂದುದು. ಮೂಗಿನ ಒಳಪೊರೆಯ ಉರಿಯೂತವೆಂದು ಅರ್ಥ. ‘ಅಲರ್ಜಿ’ ಎಂಬುದನ್ನು 1906ರಲ್ಲಿ ವಿಯೆನ್ನಾದ ವೈದ್ಯ ಫೋನ್ ಪಿರ್ಕೆಯು ‘ಬೇರೆ’ ಮತ್ತು ‘ಕ್ರಿಯೆ’ ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ ರಚಿಸಿದನು. ನಿರುಪದ್ರವಿಯಾದ ವಸ್ತುವನ್ನು ದೇಹವು ಶತ್ರುವೆಂದು ಭ್ರಮಿಸಿ, ಅದಕ್ಕೆದುರಾಗಿ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಅದೇ ವಸ್ತು ಮತ್ತೆ ಬಂದಾಗ ಮೂಗಿನ ಪೊರೆಯಲ್ಲಿನ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಸುರಿಸುತ್ತವೆ. ತುರಿಕೆ, ಸಾಲುಸಾಲಾಗಿ ಸೀನು, ನೀರಿನಂತೆ ಸೋರುವ ಮೂಗು, ಎಲ್ಲವೂ ಅದರ ಕೆಲಸವೇ. ಇಲ್ಲಿ ರೋಗಾಣುವಿಲ್ಲ, ಆದಕಾರಣ ಜ್ವರವೂ ಇಲ್ಲ, ಒಬ್ಬರಿಂದೊಬ್ಬರಿಗೆ ಅಂಟುವುದೂ ಇಲ್ಲ.

ಕನ್ನಡದಲ್ಲಿ ಇದಕ್ಕೆ ‘ಒಗ್ಗದಿಕೆ’ ಎನ್ನುತ್ತಾರೆ. ಬದನೆಕಾಯಿ ತನಗೆ ಒಗ್ಗುವುದಿಲ್ಲವೆನ್ನುವ ಅಜ್ಜಿಗೆ ಗ್ರೀಕ್ ಬೇಕಿಲ್ಲ. ಆದರೆ ಈಚೆಗೆ ಅಲರ್ಜಿ ಎಂಬ ಮಾತು ಬಹಳ ಅಗ್ಗವಾಗಿದೆ. ಒಲೆಯ ಹೊಗೆಗೋ ಒಗ್ಗರಣೆಯ ಘಾಟಿಗೋ ಯಾರಾದರೂ ಸೀನುತ್ತಾರೆ. ಅದು ಕೆರಳಿಕೆ ಮಾತ್ರ. ಪ್ರತಿಕಾಯದ ಪಾತ್ರವಿಲ್ಲದ್ದನ್ನು ಅಲರ್ಜಿಕ್ ರೈನೈಟಿಸ್ ಎನ್ನಲಾಗದು. ತ್ರಿಕೋನಮಿತಿ ಎಂದರೆ ಅಲರ್ಜಿ ಎನ್ನುವ ವಿದ್ಯಾರ್ಥಿಗಳ ವಿಷಯ ಬೇರೆ.

ನಮ್ಮ ಹುಡುಗನ ಚರ್ಮದ ಮೇಲೆ ಸೂಜಿಮೊನೆಯಿಂದ ಪರೀಕ್ಷೆ ಮಾಡಿದಾಗ ಇಬ್ಬರು ಅಪರಾಧಿಗಳು ಸಿಕ್ಕಿದರು. ಮೊದಲನೆಯದು ಧೂಳಿನ ನುಸಿ. ಮಿಲಿಮೀಟರಿನ ಮೂರನೆಯ ಒಂದು ಪಾಲಿನಷ್ಟಿರುವ ಈ ಜೀವಿಯು ನಮ್ಮ ಚರ್ಮದಿಂದ ಉದುರುವ ಪುಡಿಯನ್ನು ತಿಂದು ಹಾಸಿಗೆ ದಿಂಬುಗಳಲ್ಲಿ ಬದುಕುತ್ತದೆ, ತೇವವಿದ್ದರೆ ವೃದ್ಧಿಯಾಗುತ್ತದೆ. ಜೊತೆಗಾರರು ಹಾಸಿಗೆಯನ್ನು ಮೂಲೆಗೆ ಸರಿಸಿದಾಗ ರೋಗಿಯೊಡನೆ ರೋಗಕಾರಣವನ್ನೂ ಜೋಪಾನವಾಗಿ ಸರಿಸಿದ್ದರು! ಎರಡನೆಯದು ಪಾರ್ಥೇನಿಯಂ, ಎಂದರೆ ನಮ್ಮ ಜನರು ಕರೆಯುವ ಕಾಂಗ್ರೆಸ್ ಗಿಡದ ಪರಾಗ. ಅಮೆರಿಕ ಖಂಡದಿಂದ ಬಂದ ಈ ಕಳೆಯು 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ಕರ್ನಾಟಕದ ಬೀಳುಭೂಮಿಯನ್ನೆಲ್ಲ ಆವರಿಸಿತು.

ವೈದ್ಯರು ಹಳೆಯ ಮಾತ್ರೆಯನ್ನು ನಿಲ್ಲಿಸಿದರು. ಹಿಸ್ಟಮಿನ್ನನ್ನು ತಡೆಯುವ ಹಳೆಯ ಔಷಧಿಗಳು ಮಿದುಳನ್ನೂ ಮುಟ್ಟಿ ನಿದ್ದೆ ತರುತ್ತವೆ. ಪರೀಕ್ಷೆಯ ದಿನದ ತೂಕಡಿಕೆ ಅದರದೇ. ಮೂಗಿಗೆ ಸಿಂಪಡಿಸುವ ಔಷಧಿಯನ್ನು ಕೊಟ್ಟು, ಹೊದಿಕೆಗಳನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯಲು ಹೇಳಿದರು. ಅಂಟುರೋಗವಲ್ಲವೆಂದು ತಿಳಿದ ಮೇಲೆ ಜೊತೆಗಾರರು ಅವನ ಹಾಸಿಗೆಯನ್ನು ಬಿಸಿಲಿನಲ್ಲಿ ಒಣಗಿಸಿ, ಮತ್ತೆ ಕಿಟಕಿಯ ಬಳಿ ಹಾಸಿಕೊಟ್ಟರು. ಕಿಟಕಿಯಾಚೆಯ ಬಯಲಿನಲ್ಲಿ ಕಾಂಗ್ರೆಸ್ ಗಿಡಗಳು ಸೊಂಟದೆತ್ತರಕ್ಕೆ ಬೆಳೆದು ಬಿಳಿಯ ಹೂ ಬಿಟ್ಟಿವೆ. ಬರುವ ಭಾನುವಾರ ಅವನ್ನು ಕೀಳುವುದೆಂದು ನಿಶ್ಚಯವಾಗಿದೆ, ಅವನೊಬ್ಬನನ್ನು ಬಿಟ್ಟು.