ದುಡಿಮೆಗೆ ನೆಲವುಂಟು, ಮಾತಿಗೆ ನೆಲೆಯಿಲ್ಲ

ವಿದೇಶದಲ್ಲಿ ನೆಲೆಸಿದ ನಮ್ಮವರು ರಜೆಗೆಂದು ಊರಿಗೆ ಬಂದಾಗ ತಾವಿರುವ ದೇಶದ ರಾಜಕಾರಣದ ಬಗ್ಗೆಯೋ ನಿತ್ಯಜೀವನದ ಕಿರುಕುಳಗಳ ಬಗ್ಗೆಯೋ ಬೇಸರದ ಮಾತಾಡಿದರೆ, ನಾವು ಕೊಡುವ ಉತ್ತರ ಬಹುಮಟ್ಟಿಗೆ ಸಿದ್ಧವಾಗಿಯೇ ಇರುತ್ತದೆ: ‘ಅಷ್ಟು ಕಷ್ಟವಿದ್ದರೆ ಬಂದುಬಿಡಬಾರದೇ?’ ಆ ದೇಶದ ನಾಗರಿಕರು ಕೊಡುವ ಉತ್ತರವೂ ಇದಕ್ಕಿಂತ ಬೇರೆಯಲ್ಲ: ‘ಇಷ್ಟವಿಲ್ಲದಿದ್ದರೆ ಹೊರಟುಹೋಗಿ.’ ಸಂಪಾದನೆಗಾಗಿ ಹೋದವರಿಗೆ ಗೊಣಗುವ ಅಧಿಕಾರವಿಲ್ಲ ಎಂಬುದು ಎರಡೂ ಕಡೆಯವರ ಒಮ್ಮತದ ತೀರ್ಪು. ಈ ತೀರ್ಪನ್ನು ಮರುಪರಿಶೀಲಿಸಬೇಕಾದ ಕಾಲ ಬಂದಿದೆ ಎಂದು ನನಗೆ ತೋರುತ್ತದೆ.

ನಂದಿಬೆಟ್ಟದ ಸುತ್ತಲಿನ ನಮ್ಮ ಸೀಮೆಗೆ ವಿದೇಶಯಾತ್ರೆ ಹೊಸದಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು 1898ರಲ್ಲಿಯೇ ಜಪಾನಿಗೆ ಹೋಗಿ ಬಂದಿದ್ದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಪಡೆದು ಮರಳಿ ಬಂದು ಇಲ್ಲಿಯೇ ಪಾಠ ಹೇಳಿದರು. ಅವರು ಹೋದದ್ದು ಕಲಿತು ಬರಲು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ವಿಮಾನ ನಮ್ಮ ಹಿತ್ತಲಿಗೇ ಬಂದಿತು. ಆದರೆ ಈಗ ಹೋಗುವವರು ಹೋಗುವುದು ದುಡಿಯಲು, ಸಾಧ್ಯವಾದರೆ ನೆಲೆಸಲು. ಚಿಕ್ಕಬಳ್ಳಾಪುರದ ಬಡಾವಣೆಗಳಲ್ಲಿ ಅಮೆರಿಕದಲ್ಲಿರುವ ಮಕ್ಕಳ ತಂದೆತಾಯಿಯರಿದ್ದಾರೆ. ಚಿಂತಾಮಣಿ, ಶಿಡ್ಲಘಟ್ಟಗಳ ಓಣಿಗಳಲ್ಲಿ ಕೊಲ್ಲಿ ದೇಶಗಳಿಂದ ಬರುವ ತಿಂಗಳ ಹಣವನ್ನು ಕಾಯುವ ಸಂಸಾರಗಳಿವೆ.

ನನಗೆ ಪರಿಚಯವಿರುವ ಇಬ್ಬರ ಮಾತು ಹೇಳುತ್ತೇನೆ. ಒಬ್ಬರು ನನ್ನ ಹಿಂದಿನ ಸಹೋದ್ಯೋಗಿಯ ಮಗಳು. ನ್ಯೂಜೆರ್ಸಿಯಲ್ಲಿ ಹದಿನಾಲ್ಕು ವರ್ಷಗಳಿಂದ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಸ್ವಂತ ಮನೆಯಿದೆ, ತೆರಿಗೆ ಕಟ್ಟುತ್ತಾರೆ, ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ. ‘ಅಂಕಲ್, ನಮ್ಮ ಬೀದಿಯ ಶಾಲೆಗೆ ನಾನೂ ತೆರಿಗೆ ಕೊಡ್ತೀನಿ. ಆ ಶಾಲೆಯ ಮಂಡಳಿಯ ಚುನಾವಣೆ ದಿನ ಮಾತ್ರ ಮನೇಲಿ ಕೂತಿರ್ತೀನಿ’ ಎಂದರು. ಇನ್ನೊಬ್ಬರು ಶಿಡ್ಲಘಟ್ಟದ ರೇಷ್ಮೆ ರೀಲರ್ ಕುಟುಂಬದವರು. ಕೊಲ್ಲಿಯ ಒಂದು ದೇಶದಲ್ಲಿ ಒಂಬತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದರು. ಮಾಲೀಕ ಅವರ ಪಾಸ್‌ಪೋರ್ಟನ್ನು ತನ್ನಲ್ಲೇ ಇಟ್ಟುಕೊಂಡಿದ್ದ. ತಾಯಿ ತೀರಿಕೊಂಡಾಗ ಅದನ್ನು ಬಿಡಿಸಿಕೊಂಡು ಬರುವಷ್ಟರಲ್ಲಿ ತಿಥಿಯೂ ಮುಗಿದಿತ್ತು. ‘ಸಂಬಳದ ಬಗ್ಗೆ ನನ್ನ ತಕರಾರಿಲ್ಲ ಸಾರ್, ಯಾರ ಹತ್ತಿರ ಹೋಗಿ ಕೇಳಬೇಕು ಅನ್ನೋದೇ ಅಲ್ಲಿ ಗೊತ್ತಾಗಲಿಲ್ಲ’ ಎಂದರು.

ಅಂತಸ್ತಿನಲ್ಲಿ ಈ ಇಬ್ಬರ ನಡುವೆ ಅಜಗಜಾಂತರವಿದೆ. ಆದರೆ ದೂರು ಒಂದೇ ಎಂಬುದನ್ನು ಓದುಗರು ಗಮನಿಸಬೇಕು.

ಅಮೆರಿಕದ ವ್ಯವಸ್ಥೆಯನ್ನೇ ನೋಡೋಣ. ಉದ್ಯೋಗದ ಆಧಾರದ ಮೇಲೆ ಅಲ್ಲಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡ್‌ಗಳನ್ನು ಕೊಡಲಾಗುತ್ತದೆ. ಹೆಂಡತಿ, ಗಂಡ, ಮಕ್ಕಳು ಎಲ್ಲರೂ ಈ ಲೆಕ್ಕದೊಳಗೇ ಸೇರುತ್ತಾರೆ. ಯಾವುದೇ ಒಂದು ದೇಶದವರಿಗೆ ಸಾಮಾನ್ಯವಾಗಿ ಶೇ 7ರ ಮಿತಿ. ನೂರನಲವತ್ತು ಕೋಟಿ ಜನರ ಭಾರತಕ್ಕೂ ನಾಲ್ಕು ಲಕ್ಷ ಜನರ ಐಸ್‌ಲ್ಯಾಂಡಿಗೂ ಅದೇ ಮಿತಿ. ಪರಿಣಾಮವಾಗಿ ಸರದಿಯಲ್ಲಿರುವ ಭಾರತೀಯರ ಸಂಖ್ಯೆ, ಕುಟುಂಬದವರನ್ನೂ ಸೇರಿಸಿದರೆ, ಹತ್ತು ಲಕ್ಷವನ್ನು ಮೀರಿದೆ. ಸರದಿ ಬರುವ ಮೊದಲೇ ಮಕ್ಕಳಿಗೆ 21 ತುಂಬಿದರೆ ಅವರು ತಂದೆತಾಯಿಯ ಅವಲಂಬಿತರೆಂಬ ಸ್ಥಾನ ಕಳೆದುಕೊಂಡು ತಮ್ಮದೇ ವೀಸಾ ಹುಡುಕಿಕೊಳ್ಳಬೇಕು. ಸಂಬಳದಿಂದ ಶೇ 6.2ರಷ್ಟು ಸಾಮಾಜಿಕ ಭದ್ರತಾ ತೆರಿಗೆ ಕಡಿತವಾಗುತ್ತದೆ. ಆದರೆ ಪಿಂಚಣಿಯ ಅರ್ಹತೆಗೆ ಸುಮಾರು ಹತ್ತು ವರ್ಷಗಳ ದುಡಿಮೆ ಬೇಕು. ಎಚ್-1ಬಿ ವೀಸಾದ ಸಾಮಾನ್ಯ ಗರಿಷ್ಠ ಅವಧಿ ಆರು ವರ್ಷ. ಜರ್ಮನಿ, ಫ್ರಾನ್ಸ್, ಜಪಾನ್‌ಗಳೊಂದಿಗೆ ಭಾರತ ಈ ವಿಷಯದಲ್ಲಿ ಒಪ್ಪಂದ ಮಾಡಿಕೊಂಡಿದೆ. ಅಮೆರಿಕದೊಂದಿಗಿನ ದೀರ್ಘ ಮಾತುಕತೆ ಅಂತಹ ಫಲ ಕೊಟ್ಟಿಲ್ಲ. ಆರು ವರ್ಷ ದುಡಿದು ಮರಳಿದವರು ಕಟ್ಟಿದ ಹಣ, ಹೀಗಾಗಿ, ಅಲ್ಲಿನ ವೃದ್ಧರ ಪಿಂಚಣಿಗೆ ಇವರು ಕೊಟ್ಟ ದಾನವಾಗಿ ಪರಿಣಮಿಸುತ್ತದೆ. ಇದರ ಮೇಲೆ 2025ರ ಸೆಪ್ಟೆಂಬರ್‌ನಲ್ಲಿ, ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಎಚ್-1ಬಿ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕವನ್ನು ಅಧ್ಯಕ್ಷರ ಘೋಷಣೆಯ ಮೂಲಕ ವಿಧಿಸಲಾಯಿತು. ರಜೆಗೆ ಬಂದಿದ್ದ ಅನೇಕರು, ನಿಯಮ ತಮಗೆ ಅನ್ವಯಿಸುತ್ತದೆಯೋ ಇಲ್ಲವೋ ಎಂದು ತಿಳಿಯದೆ, ಸಿಕ್ಕ ವಿಮಾನ ಹತ್ತಿ ಓಡಿದರು.

ಕೊಲ್ಲಿ ದೇಶಗಳ ಕಥೆ ಇನ್ನೂ ಕಟುವಾದುದು. ಅಲ್ಲಿನ ‘ಕಫಾಲಾ’ ಪದ್ಧತಿಯಲ್ಲಿ ಕೆಲಸಗಾರನ ವಾಸದ ಹಕ್ಕು ಮಾಲೀಕನ ಹೆಸರಿಗೆ ಗಂಟುಬಿದ್ದಿರುತ್ತದೆ. ಸೌದಿ ಅರೇಬಿಯಾ 2017ರ ಜುಲೈನಿಂದ ವಲಸಿಗರ ಪ್ರತಿಯೊಬ್ಬ ಅವಲಂಬಿತರಿಗೂ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ವರ್ಷ ವರ್ಷವೂ ಏರಿಸುತ್ತ 2020ರ ವೇಳೆಗೆ 400 ರಿಯಾಲ್‌ಗೆ ಮುಟ್ಟಿಸಿತು. ಅನೇಕರು ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿ ಮತ್ತೆ ಒಂಟಿ ಕೋಣೆಗೆ ಮರಳಿದರು. ಕತಾರ್ 2020ರಲ್ಲಿ, ಕೆಲಸ ಬದಲಿಸಲು ಹಳೆಯ ಮಾಲೀಕನ ಒಪ್ಪಿಗೆ ಬೇಕೆಂಬ ನಿಯಮವನ್ನು ತೆಗೆದುಹಾಕಿದ್ದು ಸ್ವಾಗತಾರ್ಹವೇ. ಆದರೆ 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನ ಕಾರ್ಮಿಕ ವಸತಿಯಲ್ಲಿ ಹೊತ್ತಿದ ಬೆಂಕಿಗೆ 45 ಭಾರತೀಯರು ಬಲಿಯಾದಾಗ, ಕಾರ್ಮಿಕರನ್ನು ಎಷ್ಟು ಒತ್ತೊತ್ತಾಗಿ ತುಂಬಲಾಗಿತ್ತು ಎಂಬುದು ಜಗತ್ತಿಗೆ ತಿಳಿಯಿತು. ಒಳಗಿದ್ದವರಿಗೆ ಅದು ಮೊದಲೇ ತಿಳಿದಿತ್ತು. ಹೇಳಿಕೊಳ್ಳಲು ವೇದಿಕೆ ಇರಲಿಲ್ಲ.

ಅರ್ಥಶಾಸ್ತ್ರದ ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಮಂಡಿಸಿದ ವಿಚಾರವೊಂದನ್ನು ಓದಿದ್ದೆ. ಯಾವುದೇ ವ್ಯವಸ್ಥೆ ಹದಗೆಟ್ಟಾಗ ಅದರಲ್ಲಿರುವವರ ಮುಂದೆ ಎರಡು ದಾರಿಗಳಿರುತ್ತವೆ: ಒಂದು, ಬಿಟ್ಟುಹೋಗುವುದು, ಇನ್ನೊಂದು, ಒಳಗಿದ್ದೇ ದನಿಯೆತ್ತುವುದು. ವಲಸೆ ಹೋದವರು ಮೊದಲನೆಯ ದಾರಿಯನ್ನು ಒಮ್ಮೆ ಬಳಸಿ ಮುಗಿಸಿದ್ದಾರೆ. ಸಾಲ, ಮಕ್ಕಳ ಓದು, ಊರಿನವರ ನಿರೀಕ್ಷೆ ಇವುಗಳ ನಡುವೆ ಅದನ್ನು ಮತ್ತೆ ಬಳಸುವುದು ಸುಲಭವಲ್ಲ. ಎರಡನೆಯ ದಾರಿ ಅವರಿಗೆ ಕಾನೂನಿನಿಂದಲೇ ಮುಚ್ಚಿದೆ. ಎರಡೂ ಬಾಗಿಲು ಮುಚ್ಚಿದ ಮನೆಯಲ್ಲಿ ಉಳಿಯುವುದು ಗೊಣಗಾಟ ಮಾತ್ರ. ಅದನ್ನು ಕೃತಘ್ನತೆಯೆಂದು ಜರೆಯುವುದು ನ್ಯಾಯವಲ್ಲ.

ಇದಕ್ಕೆ ಒಂದು ಬಲವಾದ ಪ್ರತಿವಾದವಿದೆ. ಯಾರನ್ನು ಸೇರಿಸಿಕೊಳ್ಳಬೇಕು, ಯಾರಿಗೆ ಮತ ಕೊಡಬೇಕು ಎಂಬುದನ್ನು ನಿರ್ಧರಿಸುವುದು ಪ್ರತಿ ದೇಶದ ಸಾರ್ವಭೌಮ ಅಧಿಕಾರ. ಹೋದವರು ಷರತ್ತುಗಳನ್ನು ಓದಿಯೇ ಸಹಿ ಹಾಕಿದ್ದಾರೆ. ಈ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆರು ತಿಂಗಳ ಅತಿಥಿ ಮತದ ಹಕ್ಕು ಕೇಳಿದರೆ ಅದು ಅತಿಯಾಯಿತು. ಆದರೆ ಹದಿನೈದು ವರ್ಷ ತೆರಿಗೆ ಕಟ್ಟಿ, ಅಲ್ಲಿಯೇ ಮಕ್ಕಳನ್ನು ಹೆತ್ತು ಬೆಳೆಸಿದವರನ್ನು ಅತಿಥಿ ಎನ್ನಲಾಗದು. ಷರತ್ತುಗಳೂ ಸಹಿ ಹಾಕಿದಂತೆಯೇ ಉಳಿಯುವುದಿಲ್ಲ. ಒಂದು ಘೋಷಣೆಯಿಂದ ರಾತ್ರೋರಾತ್ರಿ ಬದಲಾಗುತ್ತವೆ.

ಇನ್ನು ತಾಯ್ನಾಡಿನಲ್ಲಿ ಇವರ ದನಿಗೆ ಎಷ್ಟು ಬೆಲೆಯಿದೆ? ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಹೊರದೇಶಗಳಿಂದ ಭಾರತಕ್ಕೆ ಬಂದ ಹಣ ಸುಮಾರು 129 ಶತಕೋಟಿ ಡಾಲರ್. ಆ ಹಣಕ್ಕೆ ನಾವು ಹಾಸುವ ರತ್ನಗಂಬಳಿ ಕಳುಹಿಸಿದವರ ಮತಕ್ಕೆ ಇಲ್ಲ. 2010ರ ತಿದ್ದುಪಡಿಯ ಪ್ರಕಾರ, ಭಾರತದ ಪೌರತ್ವ ಉಳಿಸಿಕೊಂಡ ಅನಿವಾಸಿಗಳು ನಮೂನೆ 6ಎ ಸಲ್ಲಿಸಿ ಮತದಾರರ ಪಟ್ಟಿಗೆ ಸೇರಬಹುದು. ಆದರೆ ಮತದಾನದ ದಿನ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಊರಿನ ಮತಗಟ್ಟೆಗೆ ಬರಬೇಕು. 2024ರ ಲೋಕಸಭಾ ಚುನಾವಣೆಗೆ ನೋಂದಾಯಿಸಿಕೊಂಡಿದ್ದ ಇಂತಹ ಸುಮಾರು 1.19 ಲಕ್ಷ ಮತದಾರರಲ್ಲಿ ಮತ ಹಾಕಿದವರು 2,958 ಮಂದಿ. ಅವರಲ್ಲಿ ಬಹುತೇಕರು ಕೇರಳದವರು. ಪ್ರತಿನಿಧಿಯ ಮೂಲಕ ಮತ ಚಲಾಯಿಸಲು ಅವಕಾಶ ಕೊಡುವ ಮಸೂದೆಯನ್ನು 2018ರಲ್ಲಿ ಲೋಕಸಭೆ ಅಂಗೀಕರಿಸಿತಾದರೂ ಅದು ರಾಜ್ಯಸಭೆಯಲ್ಲಿ ಮುಂದೆ ಸಾಗದೆ ಮರುವರ್ಷ ಬಿದ್ದುಹೋಯಿತು. ಬೇರೆ ದೇಶದ ಪೌರತ್ವ ಪಡೆದವರಿಗೆ ದೊರೆಯುವ ಸಾಗರೋತ್ತರ ಪೌರತ್ವ ಕಾರ್ಡಿನ ಹೆಸರಿನಲ್ಲಿ ಪೌರತ್ವವಿದೆಯೇ ಹೊರತು ಮತದ ಹಕ್ಕಿಲ್ಲ.

ಮೂರು ದಶಕಗಳ ಕಾಲ ಆಡಳಿತ ಸೇವೆಯಲ್ಲಿದ್ದು ಹಲವು ಬಾರಿ ಮತದಾರರ ಪಟ್ಟಿಯ ಪರಿಷ್ಕರಣೆ ನೋಡಿದವನು ನಾನು. ‘ಸಾಮಾನ್ಯ ನಿವಾಸಿ’ ಎಂಬ ಎರಡು ಪದಗಳ ಭಾರವನ್ನು ಬಲ್ಲೆ. ಊರಿನ ಪಟ್ಟಿಯಲ್ಲಿ ‘ವಾಸವಿಲ್ಲ’ ಎಂದು ಹೆಸರು ಹೋಗುತ್ತದೆ. ದುಡಿಯುವ ಊರಿನಲ್ಲಿ ವಿಳಾಸದ ದಾಖಲೆ ಇಲ್ಲವೆಂದು ಸೇರುವುದಿಲ್ಲ. ಈ ಅನುಭವವೇ ನನ್ನನ್ನು ಇನ್ನೊಂದು ಪ್ರಶ್ನೆಗೆ ಒಯ್ಯುತ್ತದೆ: ನಮ್ಮಲ್ಲಿಗೆ ದುಡಿಯಲು ಬಂದವರನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ?

ನಮ್ಮ ಜಿಲ್ಲೆಯ ಕೋಳಿ ಫಾರಂಗಳಲ್ಲಿ, ಕಲ್ಲು ಕ್ವಾರಿಗಳಲ್ಲಿ, ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುತ್ತಿರುವ ಬಿಹಾರ, ಒಡಿಶಾಗಳ ಕೂಲಿಗಳು ಪರದೇಶಿಗಳಲ್ಲ. ಸಂವಿಧಾನದ ಪ್ರಕಾರ ನಮ್ಮಷ್ಟೇ ನಾಗರಿಕರು. ಆದರೂ 2020ರ ಮೇ ಮೊದಲ ವಾರದಲ್ಲಿ, ಕಟ್ಟಡ ನಿರ್ಮಾಣ ಉದ್ಯಮಿಗಳೊಂದಿಗೆ ಮುಖ್ಯಮಂತ್ರಿಗಳ ಸಭೆ ನಡೆದ ಬೆನ್ನಿಗೇ, ಅವರನ್ನು ಊರಿಗೆ ಒಯ್ಯಬೇಕಿದ್ದ ಶ್ರಮಿಕ ರೈಲುಗಳು ಬೇಡವೆಂದು ರಾಜ್ಯ ಸರ್ಕಾರ ರೈಲ್ವೆಗೆ ಬರೆಯಿತು. ದೇಶದಾದ್ಯಂತ ಟೀಕೆ ಎದ್ದ ಮೇಲೆ ಒಂದೆರಡು ದಿನಗಳಲ್ಲಿ ನಿರ್ಧಾರ ಬದಲಾಯಿತೆಂಬುದು ನಿಜ. ಆ ದಿನಗಳ ಮಟ್ಟಿಗಾದರೂ ಮಾಲೀಕನ ಅಗತ್ಯವೇ ಕೆಲಸಗಾರನ ಪ್ರಯಾಣವನ್ನು ನಿರ್ಧರಿಸಿತು. ಕಫಾಲಾ ಎಂದರೆ ಇದೇ ಅಲ್ಲವೇ? 2024ರ ಜುಲೈನಲ್ಲಿ ಖಾಸಗಿ ಉದ್ಯಮಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಇತರ ಹುದ್ದೆಗಳಲ್ಲಿ ಶೇ 70ರಷ್ಟನ್ನು ಸ್ಥಳೀಯರಿಗೆ ಮೀಸಲಿಡುವ ಮಸೂದೆಗೆ ಸಂಪುಟ ಒಪ್ಪಿಗೆ ನೀಡಿ, ಉದ್ಯಮಗಳ ವಿರೋಧದ ನಂತರ ತಡೆಹಿಡಿಯಿತು. ಸ್ಥಳೀಯರ ನಿರುದ್ಯೋಗದ ಸಂಕಟ ಸುಳ್ಳಲ್ಲ. ಕನ್ನಡಿಗರಿಗೆ ಕನ್ನಡನಾಡಿನಲ್ಲಿ ಕೆಲಸ ಸಿಗಬೇಕೆಂಬ ಹಂಬಲವೂ ತಪ್ಪಲ್ಲ. ಆದರೆ ಆ ಮಸೂದೆಯನ್ನು ಹೊಗಳಿದ ನಾಲಿಗೆಯಿಂದಲೇ ವಾಷಿಂಗ್ಟನ್ನಿನ ಶುಲ್ಕವನ್ನು ತೆಗಳುವಾಗ ನಮ್ಮ ತರ್ಕ ಎಡವುತ್ತದೆ.

ಹಾಗಾದರೆ ಮಾಡಬೇಕಾದುದೇನು? ಪರದೇಶದ ಕಾನೂನನ್ನು ನಾವು ತಿದ್ದಲಾರೆವು. ನಮ್ಮ ಕೈಯಲ್ಲಿರುವುದನ್ನು ಮಾಡಬಹುದು. ಅನಿವಾಸಿ ಪೌರರಿಗೆ ಅಂಚೆಯ ಅಥವಾ ರಾಯಭಾರ ಕಚೇರಿಯ ಮೂಲಕ ಮತ ಚಲಾಯಿಸುವ ಅವಕಾಶವನ್ನು ಸಂಸತ್ತು ಮತ್ತೆ ಕೈಗೆತ್ತಿಕೊಳ್ಳಬೇಕು. ಸಾಮಾಜಿಕ ಭದ್ರತಾ ಒಪ್ಪಂದ ಅಮೆರಿಕದೊಂದಿಗಿನ ಪ್ರತಿ ವ್ಯಾಪಾರ ಮಾತುಕತೆಯ ಕಾರ್ಯಸೂಚಿಯಲ್ಲಿಯೂ ಮೇಲಿರಬೇಕು. ಕೊಲ್ಲಿಗೆ ಹೊರಡುವ ಕೆಲಸಗಾರನಿಗೆ ದೂರು ಕೊಡುವ ವಿಳಾಸವನ್ನು ಕನ್ನಡದಲ್ಲಿ, ತಾಲ್ಲೂಕು ಮಟ್ಟದಲ್ಲಿಯೇ, ಹೊರಡುವ ಮುನ್ನವೇ ತಿಳಿಸಬೇಕು. ಒಳನಾಡಿನ ವಲಸಿಗರಿಗಾಗಿ ಚುನಾವಣಾ ಆಯೋಗ 2023ರ ಜನವರಿಯಲ್ಲಿ ರಾಜಕೀಯ ಪಕ್ಷಗಳ ಮುಂದಿಟ್ಟ ದೂರಸ್ಥ ಮತಯಂತ್ರದ ಪ್ರಸ್ತಾಪ ಅಲ್ಲಿಗೇ ನಿಂತಿತು. ಆ ಚರ್ಚೆ ಮತ್ತೆ ಆರಂಭವಾಗಲಿ.

ತೆಲುಗು, ಕನ್ನಡಗಳೆರಡನ್ನೂ ಒಂದೇ ಉಸಿರಿನಲ್ಲಿ ಆಡುವ ನಮ್ಮ ಗಡಿಸೀಮೆಗೆ ಹೊರಗಿನವರು ಯಾರು, ಒಳಗಿನವರು ಯಾರು ಎಂಬ ಗೆರೆ ಎಷ್ಟು ತೆಳುವೆಂಬುದು ತಿಳಿಯದ ವಿಷಯವಲ್ಲ. ನ್ಯೂಜೆರ್ಸಿಯಲ್ಲಿ ನಮ್ಮ ಮಗಳಿಗೆ ಸಿಗಬೇಕೆಂದು ನಾವು ಬಯಸುವ ಮರ್ಯಾದೆಯನ್ನು ಗೌರಿಬಿದನೂರಿನ ಕೋಳಿ ಫಾರಂನಲ್ಲಿ ದುಡಿಯುವ ಒಡಿಶಾದ ಹುಡುಗನಿಗೆ ಕೊಡಲು ಯಾವ ದೇಶದ ವೀಸಾವೂ ಬೇಕಿಲ್ಲ.