ಚಳಿಯ ನೀರಿನಲ್ಲಿ ಬೇಟೆಗಾರ ಮೀನು

ಬಿಸಿಲಿಗೆ ಹೆಸರಾದ ಯಾದಗಿರಿ, ಶಹಾಪುರ, ಸುರಪುರಗಳಿಗೂ ಚಳಿಗಾಲವಿದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಇಲ್ಲಿ ಎರಡು ದಿನ ಮೋಡ, ತುಂತುರು ಮಳೆ. ಮೋಡ ಸರಿದ ರಾತ್ರಿ ಹಲ್ಲು ಕಟಕಟಿಸುವ ಥಂಡಿ. ಇಂಥ ಬೆಳಿಗ್ಗೆ ಗಾಳ ಹಿಡಿದು ಹೊರಟವರನ್ನು ಕಂಡು ‘ಈ ಥಂಡ್ಯಾಗ ಮೀನು ಎಲ್ಲಿ ಸಿಗ್ತಾವ?’ ಎಂದು ನಗುವವರುಂಟು. ಸಿಗುತ್ತವೆ. ಆದರೆ ಅವಸರದವರಿಗಲ್ಲ.

ಭೀಮೆ ಮತ್ತು ಕೃಷ್ಣೆಯ ನೀರಿನಲ್ಲಿ ಬೇಟೆಯಾಡಿ ಬದುಕುವ ಮೀನುಗಳಲ್ಲಿ ಎರಡು ಮುಖ್ಯ. ಒಂದು, ಆಳದ ಮಡುವಿನಲ್ಲಿರುವ ಬಾಳೆ ಮೀನು. ಇದಕ್ಕೆ ಹುರುಪೆಯಿಲ್ಲ, ಬಾಯಿ ಅಗಲ, ಹಲ್ಲು ಚೂಪು. ಸಂಜೆಗತ್ತಲಲ್ಲಿ ಹೊರಟು ಸಣ್ಣ ಮೀನುಗಳನ್ನು ನುಂಗುತ್ತದೆ. ಇನ್ನೊಂದು, ಕೆರೆಯಂಚಿನ ಜೊಂಡಿನಲ್ಲಿ ಹೊಂಚು ಹಾಕುವ ಕೊರವ ಮೀನು. ನೀರಿನಲ್ಲಿದ್ದರೂ ಇದಕ್ಕೆ ಹೊರಗಿನ ಗಾಳಿ ಬೇಕು. ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುವಾಗ ಏಳುವ ಸಣ್ಣ ಅಲೆಯೇ ಅದರ ವಿಳಾಸ.

ಮೀನು ಶೀತರಕ್ತದ ಪ್ರಾಣಿ. ನೀರು ತಣ್ಣಗಾದಂತೆ ಅದರ ಮೈಯೂ ತಣ್ಣಗಾಗುತ್ತದೆ, ತಿಂದದ್ದು ಅರಗುವುದು ನಿಧಾನವಾಗುತ್ತದೆ. ಹಾಗಾಗಿ ಓಡುವ ಬೇಟೆಯನ್ನು ಅದು ಬೆನ್ನಟ್ಟದು. ಬಾಯಿಯ ಮುಂದೆ ಬಂದದ್ದನ್ನು ಬಿಡದು. ಶುಭ್ರ ಆಕಾಶದ ರಾತ್ರಿ ನೆಲದ ಬಿಸಿಯೆಲ್ಲ ಮೇಲಕ್ಕೆ ಹೋಗುವುದರಿಂದ ಮುಂಜಾನೆ ಚಳಿ ಹೆಚ್ಚು. ಅಂದು ಹತ್ತು ಗಂಟೆಯ ಬಿಸಿಲು ತಾಗಿದ ಕಡಿಮೆ ಆಳದ ದಡವೇ ಸರಿಯಾದ ಜಾಗ. ಮೋಡದ ರಾತ್ರಿ ಕಂಬಳಿ ಹೊದಿಸಿದಂತೆ. ನೀರಿನ ಬಿಸಿ ಅಷ್ಟು ಬೇಗ ಇಳಿಯದು. ಗಾಳ ಹಾಕುತ್ತ ಹಾಕುತ್ತ ಮಕ್ಕಳು ಕಲಿಯುವ ವಿಜ್ಞಾನ ಇದು.

ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಗಾಳದ ಬೇಟೆಗೆಂದೇ ‘ಮತ್ಸ್ಯವಿನೋದ’ ಎಂಬ ಭಾಗವಿದೆ. ಯಾವ ಮೀನಿಗೆ ಯಾವ ಆಹಾರ ಎಂಬ ವಿವರವೂ ಅಲ್ಲುಂಟು. ಮೀನು ತಜ್ಞ ಸುಂದರಲಾಲ್ ಹೋರಾ 1951ರಲ್ಲಿ ಅದರ ಬಗ್ಗೆ ಲೇಖನ ಬರೆದು ವಿಜ್ಞಾನಿಗಳ ಗಮನ ಸೆಳೆದರು. ಹಿಡಿಯುವ ಮುನ್ನ ಮೀನನ್ನು ಅರಿಯಬೇಕೆಂಬ ಮಾತು ಅಷ್ಟು ಹಳೆಯದು.

ಆದರೆ ಇಂದು ಬಾಳೆ ಮೀನು ಅಪಾಯದ ಅಂಚಿನಲ್ಲಿದೆ. ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಅದನ್ನು ಅಳಿವಿನ ಭೀತಿಯುಳ್ಳ ಜೀವಿಗಳ ಸಾಲಿಗೆ ಸೇರಿಸಲಾಗಿದೆ. ಆದ್ದರಿಂದ ಗಾಳಕ್ಕೆ ಬಾಳೆ ಬಿದ್ದರೆ ಒದ್ದೆ ಕೈಯಿಂದ ಹಿಡಿದು ನೀರಿಗೆ ಬಿಟ್ಟುಬಿಡುವುದೇ ಲೇಸು. ಕೊರವ ಮೀನು ಹೆಚ್ಚಾಗಿ ಮಳೆಗಾಲದಲ್ಲಿ ಮರಿ ಮಾಡುತ್ತದೆ. ಕೆಂಬಣ್ಣದ ಮರಿಗಳ ಹಿಂಡನ್ನು ಹೆತ್ತ ಮೀನು ಕಾಯುತ್ತಿರುತ್ತದೆ. ಕಾವಲಿಗಿರುವ ಆ ಮೀನನ್ನು ಹಿಡಿದರೆ ಮರಿಗಳು ಬೇರೆ ಮೀನುಗಳ ಪಾಲು. ಒಂದು ಮೀನಿನ ಆಸೆಗೆ ಇಡೀ ಸಂಸಾರ ಹಾಳು! ಚಳಿಗಾಲದ ಬೇಟೆಯಲ್ಲಿ ಈ ಅಳುಕು ಕಡಿಮೆ.

ತಂದೆ ತಾಯಿಗಳು ಇನ್ನೂ ಕೆಲವು ಮಾತು ನೆನಪಿಡಬೇಕು. ಕೃಷ್ಣೆಯಲ್ಲಿ ಮೊಸಳೆಗಳಿವೆ, ಮೊಣಕಾಲು ನೀರಿಗೂ ಇಳಿಯಬಾರದು. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಇಲ್ಲಿ ಮಳೆಯಿಲ್ಲದೆಯೂ ಹೊಳೆ ಏರುತ್ತದೆ. 2019ರ ಆಗಸ್ಟ್‌ನಲ್ಲಿ ಹೀಗೆ ಬಿಟ್ಟ ನೀರಿಗೆ ಕೊಳ್ಳೂರಿನ ಸೇತುವೆಯೇ ಮುಳುಗಿತ್ತು. ಮಕ್ಕಳನ್ನು ಒಂಟಿಯಾಗಿ ಕಳಿಸುವುದಂತೂ ಬೇಡ. ಕೆರೆ, ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಗುತ್ತಿಗೆದಾರರದೋ ಸಹಕಾರ ಸಂಘದ್ದೋ ಆಗಿರುತ್ತದೆ. ಮೀನುಗಾರಿಕೆ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಿ. ಸುರಪುರದ ಬಳಿಯ ಬೋನಾಳ ಕೆರೆ ಹಕ್ಕಿಗಳ ತಾಣ. ಅಲ್ಲಿಗೆ ಹೋಗುವಾಗ ಗಾಳ ಮನೆಯಲ್ಲೇ ಇರಲಿ.

ಇಷ್ಟೆಲ್ಲ ಮಾಡಿಯೂ ಬರಿಗೈಯಲ್ಲಿ ಮರಳುವ ದಿನಗಳೇ ಹೆಚ್ಚು. ಚಿಂತೆಯಿಲ್ಲ. ಬುತ್ತಿಯ ರೊಟ್ಟಿ, ಶೇಂಗಾ ಚಟ್ನಿ ಉಂಡು, ಮೂರು ತಾಸು ಸದ್ದಿಲ್ಲದೆ ನೀರು ನೋಡುತ್ತ ಕುಳಿತ ಮಗು ಏನನ್ನೂ ಹಿಡಿಯಲಿಲ್ಲ ಎನ್ನಲಾದೀತೇ?