ಸೀಸನ್ ಕೊನೆಗೆ ಒಬ್ಬರೇ ಮೋಟರ್‌ಹೋಮ್‌ನಲ್ಲಿ ಬರ್ತಾರೆ: ರಾತ್ರಿ ಗಾಡಿ ಎಲ್ಲಿ ನಿಲ್ಲಬೇಕು?

ಮೇ ಕೊನೆಯ ವಾರ ಬಂತು ಅಂದ್ರೆ ಉತ್ತರ ಕನ್ನಡದ ಕರಾವಳಿಯಲ್ಲಿ ಸೀಸನ್ ಮುಗಿದ ಹಾಗೆ. ಶಾಲೆ ಶುರುವಾಗುವ ಹೊತ್ತು, ಮುರ್ಡೇಶ್ವರ, ಗೋಕರ್ಣದಲ್ಲಿ ರಶ್ ಇಳಿಯುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಯೂ ಬಂದ್. ಹೆದ್ದಾರಿ ಬದಿಯ ಅಂಗಡಿಯವರಿಗೆ ಮಳೆಗಾಲ ಮುಗಿಯುವ ತನಕ ವ್ಯಾಪಾರ ಅಷ್ಟಕ್ಕಷ್ಟೇ.

ಇಂಥ ಹೊತ್ತಲ್ಲೇ ಬರಲು ಇಷ್ಟಪಡುವ ಪ್ರವಾಸಿಗರೂ ಇದ್ದಾರೆ. ಒಬ್ಬರೇ ಬರುತ್ತಾರೆ, ಎರಡು ರಾತ್ರಿ ಇರುತ್ತಾರೆ, ಹೋಗುತ್ತಾರೆ. ಹಾಸಿಗೆ, ಒಲೆ, ಟಾಯ್ಲೆಟ್ ಎಲ್ಲ ಗಾಡಿಯೊಳಗೇ. ಮೋಟರ್‌ಹೋಮ್, ಕ್ಯಾರವಾನ್, ಕ್ಯಾಂಪರ್ ವ್ಯಾನ್ ಅಂತೆಲ್ಲ ಕರೆಯುವುದು ಇದನ್ನೇ. ಇವರಿಗೆ ರೂಮ್ ಬೇಡ. ಬೇಕಿರುವುದು ರಾತ್ರಿ ಗಾಡಿ ನಿಲ್ಲಿಸಲು ಭದ್ರವಾದ ಜಾಗ, ಜೊತೆಗೆ ಒಂದು ಪ್ಲಗ್ ಪಾಯಿಂಟ್. ಕೇಳಲು ಸಣ್ಣ ವಿಷಯ. ಆದರೆ ಜೀವದ ಪ್ರಶ್ನೆ ಇರುವುದೂ ಇದರಲ್ಲೇ.

ನೀರು, ಟಾಯ್ಲೆಟ್ ಎಷ್ಟು ದಿನ ಬರುತ್ತದೆ?

ಗಾಡಿಯಲ್ಲಿ 100 ಲೀಟರಿನ ನೀರಿನ ಟ್ಯಾಂಕ್ ಇದೆ ಅಂತಿಟ್ಟುಕೊಳ್ಳಿ. ಒಬ್ಬರು ಹಿಡಿತದಲ್ಲಿ ಬಳಸಿದರೆ ಎರಡು ದಿನಕ್ಕೆ ಸಾಕು. ಪಾತ್ರೆ ತೊಳೆದ, ಸ್ನಾನದ ನೀರು ಇನ್ನೊಂದು ಟ್ಯಾಂಕಿಗೆ ಇಳಿಯುತ್ತದೆ. ಟಾಯ್ಲೆಟ್ಟಿನ ಕೆಳಗೆ ಹೊರಗೆಳೆಯಬಹುದಾದ ಪೆಟ್ಟಿಗೆ ಇರುತ್ತದೆ. ಹೆಚ್ಚಿನವು 20 ಲೀಟರ್ ಆಸುಪಾಸಿನವು, ಒಬ್ಬರಿಗೆ ಎರಡು-ಮೂರು ದಿನ ಬರುತ್ತದೆ.

ಅಂದ್ರೆ ಎರಡು ರಾತ್ರಿಯ ಪ್ರವಾಸಕ್ಕೆ ನೀರು, ಟಾಯ್ಲೆಟ್ ಸಮಸ್ಯೆ ಅಲ್ಲ. ಸಮಸ್ಯೆ ಇರುವುದು ಕರೆಂಟಿನದ್ದು.

ಬ್ಯಾಟರಿ ಇದ್ದರೂ ಎಸಿ ಯಾಕೆ ನಡೆಯುವುದಿಲ್ಲ?

ಮನೆಯ ಯುಪಿಎಸ್ ಲೆಕ್ಕದಲ್ಲೇ ನೋಡಿ. 12 ವೋಲ್ಟಿನ 100 ಎಎಚ್ ಬ್ಯಾಟರಿಯಲ್ಲಿ ಇರುವುದು 1,200 ವ್ಯಾಟ್-ಅವರ್, ಅಂದ್ರೆ ಬರೀ 1.2 ಯೂನಿಟ್. ಲೈಟು, ಸಣ್ಣ ಫ್ಯಾನು, ಮೊಬೈಲ್ ಚಾರ್ಜಿಗೆ ರಾತ್ರಿಯಿಡೀ ಬರುತ್ತದೆ. ಆದರೆ 1,000 ವ್ಯಾಟಿನ ಎಸಿ ಹಾಕಿದರೆ ಒಂದು ಗಂಟೆಗೆಲ್ಲ ಖಾಲಿ. ಮೇ ತಿಂಗಳ ಸೆಕೆ ನಮಗೆ ಗೊತ್ತಿರುವುದೇ. ತಗಡಿನ ಗಾಡಿಯೊಳಗೆ ಫ್ಯಾನ್ ಒಂದರಲ್ಲೇ ನಿದ್ದೆ ಬರುವುದು ಕಷ್ಟ.

ಆಗ ಉಳಿಯುವುದು ಎರಡೇ ದಾರಿ. ಹೊರಗಿನಿಂದ ಕರೆಂಟು ಪಡೆಯಬೇಕು, ಇಲ್ಲಾಂದ್ರೆ ಜನರೇಟರ್ ಅಥವಾ ಎಂಜಿನ್ ಚಾಲೂ ಇಟ್ಟು ಮಲಗಬೇಕು. ಎರಡನೆಯದು ಯಾವತ್ತೂ ಬೇಡ.

2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ, ಇದೇ ರಾಷ್ಟ್ರೀಯ ಹೆದ್ದಾರಿ 66ರ ಬದಿ ನಿಂತಿದ್ದ ಕ್ಯಾರವಾನ್‌ನಲ್ಲಿ ಇಬ್ಬರು ಶವವಾಗಿ ಪತ್ತೆಯಾದರು. ಜನರೇಟರ್‌ನ ಕಾರ್ಬನ್ ಮಾನಾಕ್ಸೈಡ್ ಗಾಡಿಯೊಳಗೆ ಸೇರಿದ್ದೇ ಕಾರಣ ಅಂತ ಪರಿಶೀಲನೆಯಲ್ಲಿ ತಿಳಿಯಿತು. ಈ ಅನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆನೋವು, ವಾಕರಿಕೆ, ಮಂಪರು ಬರುತ್ತದೆ. ಮಲಗಿದವರಿಗೆ ಅದೂ ಗೊತ್ತಾಗುವುದಿಲ್ಲ. ಒಬ್ಬರೇ ಇದ್ದರೆ ಎಬ್ಬಿಸುವವರೂ ಇರುವುದಿಲ್ಲ. ಕಿಟಕಿ ಮುಚ್ಚಿ ಗ್ಯಾಸ್ ಒಲೆ ಉರಿಸುವುದು, ಒಳಗೆ ಇದ್ದಿಲು ಹಾಕುವುದು ಕೂಡ ಅಷ್ಟೇ ಅಪಾಯ. ಬಾಡಿಗೆಗೆ ಗಾಡಿ ಪಡೆಯುವವರು ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಅಂತ ಕೇಳಿಯೇ ಹೊರಡಿ.

ಎಲ್ಲಿ ನಿಲ್ಲಿಸಬಾರದು?

ಇದು ನಮ್ಮ ಕಡೆಯವರೇ ಹೇಳಬೇಕಾದ ಮಾತು, ಹೊರಗಿನವರಿಗೆ ಗೊತ್ತಿರುವುದಿಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ಬದಿಯ ಚಹಾ ಅಂಗಡಿ, ಅದರಲ್ಲಿದ್ದ ಕುಟುಂಬ ಮಣ್ಣಿನ ಪಾಲಾಯಿತು. ಅಲ್ಲಿದ್ದ ಲಾರಿಯೊಂದು ಗಂಗಾವಳಿ ನದಿ ಸೇರಿತು, ಅದನ್ನು ಮೇಲೆತ್ತಿದ್ದು ಸೆಪ್ಟೆಂಬರ್‌ನಲ್ಲಿ. ರಸ್ತೆಗಾಗಿ ಗುಡ್ಡ ಕಡಿದ ಜಾಗದಲ್ಲಿ ಅಗಲವಾದ ಬದಿ ಇರುತ್ತದೆ, ನೆರಳೂ ಇರುತ್ತದೆ, ಎದುರಿಗೆ ನದಿ ಕಾಣುತ್ತದೆ. ದೊಡ್ಡ ಗಾಡಿಯವರಿಗೆ ಇದೇ ಒಳ್ಳೆಯ ಜಾಗ ಅನಿಸುತ್ತದೆ. ಮಳೆ ಹಿಡಿದ ಮೇಲೆ ಅಲ್ಲಿ ಹತ್ತು ನಿಮಿಷವೂ ನಿಲ್ಲಬಾರದು.

ಬೀಚಿನ ಮರಳಿಗೂ ಇಳಿಸಬೇಡಿ. ಟನ್ನುಗಟ್ಟಲೆ ತೂಕದ ಗಾಡಿ ಹೂತರೆ ಜೆಸಿಬಿಯೇ ಬರಬೇಕು, ಅಷ್ಟರಲ್ಲಿ ಉಬ್ಬರ ಬಂದಿರುತ್ತದೆ. ಒಣಗಿದ ಹಳ್ಳದ ಪಾತ್ರವೂ ಬೇಡ. ಮೊದಲ ದೊಡ್ಡ ಮಳೆಗೆ ನೀರು ಬರುವುದೇ ಅಲ್ಲಿ.

ಟಾಯ್ಲೆಟ್ ಪೆಟ್ಟಿಗೆ ಎಲ್ಲಿ ಖಾಲಿ ಮಾಡಬೇಕು?

ಮನೆಯ ಅಥವಾ ಲಾಡ್ಜಿನ ಕಮೋಡ್‌ಗೆ, ಇಲ್ಲವೇ ಕೇಳಿಕೊಂಡು ಸಾರ್ವಜನಿಕ ಶೌಚಾಲಯಕ್ಕೆ. ಹಳ್ಳ, ಗಟಾರ, ಗಜನಿಗೆ ಖಂಡಿತ ಅಲ್ಲ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಅಲ್ಲಿ ಚಿಪ್ಪಿಕಲ್ಲು, ಬಳಚು ಹೆಕ್ಕಿ ಬದುಕುವವರ ಹೊಟ್ಟೆಪಾಡು ಆ ನೀರಿನ ಮೇಲೇ ನಿಂತಿದೆ. ಬೇಡ ಅಂದ್ರೆ ಸಾಲದು, ಹಾಕಲು ಬೇರೆ ಜಾಗವನ್ನೂ ತೋರಿಸಬೇಕು.

ಅಂಗಡಿ, ಹೋಮ್‌ಸ್ಟೇಯವರು ಏನು ಮಾಡಬಹುದು?

ಸಮತಟ್ಟಾದ, ಗುಡ್ಡದಿಂದ ದೂರವಿರುವ ಕಂಪೌಂಡ್ ಇದ್ದರೆ ಅರ್ಧ ಕೆಲಸ ಆಯಿತು. ಇನ್ನುಳಿದದ್ದು ಇಷ್ಟು:

• ಅರ್ಥಿಂಗ್ ಸರಿ ಇರುವ 15 ಆಂಪಿಯರ್ ಪ್ಲಗ್ ಪಾಯಿಂಟ್. ಮಳೆ ಬೀಳದ ಹಾಗೆ ಮುಚ್ಚಿಗೆ ಇರಲಿ, ಲೀಕೇಜ್ ಆದರೆ ಟ್ರಿಪ್ ಆಗುವ ಆರ್‌ಸಿಸಿಬಿ ಇರಲಿ. ಎಲೆಕ್ಟ್ರಿಷಿಯನ್ ಹತ್ತಿರ ಒಮ್ಮೆ ತೋರಿಸಿ.
• ಸಬ್ ಮೀಟರ್ ಹಾಕಿ. 1,000 ವ್ಯಾಟಿನ ಎಸಿ 8 ಗಂಟೆ ಓಡಿದರೆ ಹೆಚ್ಚೆಂದರೆ 8 ಯೂನಿಟ್. ಜಾಗಕ್ಕೆ ಎಷ್ಟು, ಯೂನಿಟ್ಟಿಗೆ ಎಷ್ಟು, ನೀರಿಗೆ ಎಷ್ಟು ಅಂತ ಬೋರ್ಡಿನಲ್ಲಿ ಬರೆದುಬಿಟ್ಟರೆ ರಾತ್ರಿ ಹೊತ್ತು ತಕರಾರು ಇಲ್ಲ.
• ಗುರುತಿನ ಚೀಟಿ, ಫೋನ್ ನಂಬರ್, ಮನೆಯವರ ನಂಬರ್ ಬರೆದುಕೊಳ್ಳಿ. ಒಬ್ಬರೇ ಬಂದವರು, ಅದರಲ್ಲೂ ಹೆಣ್ಣುಮಕ್ಕಳು, ಆಗಾಗ ಬಾಗಿಲು ಬಡಿದು ಮಾತಾಡಿಸುವುದನ್ನು ಇಷ್ಟಪಡುವುದಿಲ್ಲ. ಬೆಳಿಗ್ಗೆ ಒಮ್ಮೆ ವಿಚಾರಿಸಿದರೆ ಸಾಕು.
• ಕಿರಾಣಿಯವರಿಗೆ ಒಂದು ಮಾತು: ಇವರಿಗೆ ಎಲ್ಲ ಸಣ್ಣ ಅಳತೆಯಲ್ಲಿ ಬೇಕು. ಕುಮಟಾ ಸಿಹಿ ಈರುಳ್ಳಿಯ ಇಡೀ ಗೊಂಚಲಿನ ಬದಲು ಅರ್ಧ ಕೆ.ಜಿ., ನಾಲ್ಕೇ ನಾಲ್ಕು ಕರಿ ಇಶಾಡ ಮಾವು, ಆರು ಮೊಟ್ಟೆ, ಒಂದು ನೀರಿನ ಕ್ಯಾನ್.

ನೀವೇ ಹೊರಡುವುದಿದ್ದರೆ?

ಒಟ್ಟು ತೂಕ 7,500 ಕೆ.ಜಿ. ಮೀರದ ಗಾಡಿಗೆ ಎಲ್‌ಎಂವಿ ಲೈಸೆನ್ಸ್ ಸಾಕು. ಎರಡು ರಾತ್ರಿಗೆ ದೂರ ಓಡಬೇಡಿ. ಮೊದಲ ದಿನ ಕಾಸರಕೋಡ ಬೀಚ್, ಅಪ್ಸರಕೊಂಡ ನೋಡಿ ಹೊನ್ನಾವರದಲ್ಲಿ ಉಳಿಯಿರಿ. ಅಲ್ಲಿಂದ ಕುಮಟಾ ಸುಮಾರು 20 ಕಿ.ಮೀ. ಎರಡನೇ ದಿನ ಮಿರ್ಜಾನ್ ಕೋಟೆ ಆರಾಮಾಗಿ ಆಗುತ್ತದೆ. ಗೋಕರ್ಣ ಪೇಟೆಯ ಒಳರಸ್ತೆಗೆ ದೊಡ್ಡ ಗಾಡಿ ಒಯ್ಯಬೇಡಿ. ಹೊರಗೇ ನಿಲ್ಲಿಸಿ, ರಿಕ್ಷಾದಲ್ಲಿ ಹೋಗಿ.

ಸಂಜೆ ಐದರೊಳಗೆ ರಾತ್ರಿಯ ಜಾಗ ಗಟ್ಟಿ ಮಾಡಿಕೊಂಡು ಅದರ ಲೊಕೇಶನ್ ಮನೆಗೆ ಕಳಿಸಿ. ಹವಾಮಾನ ಇಲಾಖೆ ಆರೆಂಜ್ ಅಥವಾ ರೆಡ್ ಅಲರ್ಟ್ ಕೊಟ್ಟಿದ್ದರೆ ಹೊರಡಲೇಬೇಡಿ. ತುರ್ತಿಗೆ 112.

ಅಂಗಡಿಯವರೂ ಅಷ್ಟೇ. ಕತ್ತಲಾಗುವ ಹೊತ್ತಿಗೆ ಇಂಥ ಗಾಡಿ ಗುಡ್ಡದ ಬುಡದಲ್ಲಿ ನಿಂತದ್ದು ಕಂಡರೆ, "ಇಲ್ಲಿ ಬೇಡ ಸರ್, ಮುಂದೆ ಬಯಲಿದೆ" ಅಂತ ಒಂದು ಮಾತು ಹೇಳಿಬಿಡಿ.